ಗಿರಿಜಾಳ ನಿರಿಗೆ ಡಬ್ಬಿ

ಗಿರಿಜಾ, ನಿನ್ನ ಡಬ್ಬಿಯ ಗುಟ್ಟನ್ನು ಹೊರಗೆ ಬಿಟ್ಟವಳು ನಾನು. ನೀನಲ್ಲ, ನಿನ್ನ ಅಣ್ಣನೂ ಅಲ್ಲ — ನಾನು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದವಳು ಎಂದು ಎಲ್ಲರಿಂದ ಅನ್ನಿಸಿಕೊಂಡವಳು, ಇದೊಂದನ್ನು ಇಷ್ಟು ವರ್ಷ ಹೇಗೆ ಇಟ್ಟುಕೊಂಡೆನೋ ನನಗೇ ತಿಳಿಯದು.

ಆ ಸಂಜೆ ನೆನಪಿದೆಯಲ್ಲ? ವಿಜಯಪುರದ ನಮ್ಮ ಮನೆಯ ಪಡಸಾಲೆ. ನೀನು, ನಾನು, ಬಂಡವಾಳ ಹಾಕಿದ್ದ ಮಹಾದೇವಕ್ಕ. ದೀಪಾವಳಿಯ ಎಣ್ಣೆಸ್ನಾನಕ್ಕೆಂದು ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಗುಲಾಬಿ ಎಸಳು ಸೇರಿಸಿ ನಾವು ಮಾಡುತ್ತಿದ್ದ ಪುಡಿಗೆ ಪ್ಲಾಸ್ಟಿಕ್ ಬೇಡವೇ ಬೇಡ ಎಂದು ಹಟ ಹಿಡಿದವಳು ನೀನು. ಬಿಜ್ಜರಗಿಯ ನಿಮ್ಮ ಹೊಲದಿಂದ ಗೋವಿನಜೋಳದ ತೆನೆಯ ಸಿಪ್ಪೆ ತಂದು, ನೆನೆಸಿ, ಸೀರೆಗೆ ನಿರಿಗೆ ಹಿಡಿದಂತೆ ಹಿಡಿದು ಡಬ್ಬಿ ಮಾಡಿದೆ. ಅಂಟಿಲ್ಲ, ಪಿನ್ನಿಲ್ಲ. ದಾರ ಎಳೆದರೆ ಬಾಯಿಯ ನಿರಿಗೆಗಳೆಲ್ಲ ಒಮ್ಮೆಲೇ ಬಿಚ್ಚಿಕೊಂಡು ಪಡಸಾಲೆಯ ತುಂಬ ಘಮ. ಮಹಾದೇವಕ್ಕ ಮತ್ತೆ ಮತ್ತೆ ಎಳೆದು ನೋಡಿದಳು. ನನ್ನ ಕಾಲಂತೂ ನೆಲದ ಮೇಲೆ ನಿಲ್ಲಲಿಲ್ಲ.

ವಕೀಲರು ಫೋನಿನಲ್ಲಿ ಎಚ್ಚರಿಸಿದ್ದರು: “ವಿನ್ಯಾಸ ನೋಂದಣಿಗೆ ಅರ್ಜಿ ಹಾಕೂತನಕ ಯಾರಿಗೂ ತೋರಸಬ್ಯಾಡ್ರಿ. ಒಮ್ಮೆ ಹೊರಗ ಬಿತ್ತಂದ್ರ ಹಕ್ಕು ಸಿಗಂಗಿಲ್ಲ.” ಹೂಂ ಎಂದವಳೂ ನಾನೇ. ನೀವಿಬ್ಬರೂ ಬಸ್ಸಿಗೆ ಹೊರಟಿರಿ. ನಾನು ಡಬ್ಬಿ ಬಿಚ್ಚುವ ವಿಡಿಯೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಯಾರು ನೋಡುತ್ತಾರೆ, ನಾಳೆ ತಾನೇ ಅಳಿಸಿಹೋಗುತ್ತದೆ — ಎಂದುಕೊಂಡೆನೇ? ಇಲ್ಲ. ಎಲ್ಲರೂ ನೋಡಲಿ ಎಂದೇ ಹಾಕಿದೆ. ನಿಮ್ಮಿಬ್ಬರಿಗೆ ಮಾತ್ರ ಕಾಣದ ಹಾಗೆ ಮಾಡಿದೆ. ಅಂದರೆ ತಪ್ಪೆಂದು ಗೊತ್ತಿತ್ತು. ಆದರೂ ಮೆಚ್ಚುಗೆಗಳು ಬಂದು ಬೀಳುತ್ತಿದ್ದಾಗ ಎಂಥ ಸಂಭ್ರಮ ನನಗೆ...

ನೋಡಿದವರಲ್ಲಿ ಸೊಲ್ಲಾಪುರ ರಸ್ತೆಯ ಡಬ್ಬಿ ಅಂಗಡಿಯವನೂ ಇದ್ದ. ನಮ್ಮ ಅರ್ಜಿ ಸಿದ್ಧವಾಗುವಷ್ಟರಲ್ಲಿ ಅವನ ಅಂಗಡಿಯಲ್ಲಿ ಅದೇ ನಿರಿಗೆ, ಅದೇ ದಾರ. ಮಹಾದೇವಕ್ಕ ನೇರ ನನ್ನ ಹತ್ತಿರ ಬಂದಳು. “ಯಾರ ಬಾಯಿ ಬಿಟ್ಟಾರ, ಹೇಳ ನೀ,” ಎಂದಳು. ನಿನ್ನ ಅಣ್ಣ ಆ ಅಂಗಡಿಯ ಪಕ್ಕದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ.

“ಗಿರಿಜಾನ ಅಣ್ಣ ಅಲ್ಲೇ ಇರತಾನಲ್ಲಕ್ಕ,” ಎಂದೆ.

ಅಷ್ಟೇ. ಆ ಮಾತಿನಲ್ಲಿ ಸುಳ್ಳೇ ಇರಲಿಲ್ಲ — ಅದಕ್ಕೇ ಅವಳು ಅಷ್ಟು ಬೇಗ ನಂಬಿದಳು.

ನಿನ್ನನ್ನು ಕರೆಸಿ ಕೇಳಿದಾಗ ನೀನು ಜಗಳವಾಡಲಿಲ್ಲ. “ನಾ ಯಾಕ ಹೇಳಲ್ರಿ ಅಕ್ಕಾರ? ಅದು ನಂದ ಅಲ್ಲೇನ್ರಿ?” ಎಂದು ನನ್ನ ಮುಖ ನೋಡಿದೆ. ನಾನು ಪುಡಿ ಜರಡಿ ಹಿಡಿಯುತ್ತ ಕುಳಿತೆ. ಮಹಾದೇವಕ್ಕ ತಿಕೋಟಾ, ಬಬಲೇಶ್ವರದ ತನ್ನ ಪರಿಚಯದವರಿಗೆಲ್ಲ ನಿನ್ನನ್ನು ನಂಬಬೇಡಿ ಎಂದು ಹೇಳಿಬಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಹಕ್ಕು ಹೋಯಿತು, ಅದರ ಜೊತೆ ನಿನ್ನ ಹೆಸರೂ ಹೋಯಿತು.

ಇವತ್ತು ನಿನ್ನ ಫೋನ್ ಬಂತು. “ಅಕ್ಕಾರ, ಹೊಸಾ ಡಬ್ಬಿ ಮಾಡೇನ್ರಿ, ದ್ರಾಕ್ಷಿ ಬಳ್ಳಿ ತೊಗಟಿದು. ನಾಳೆ ಬರ್ತೇನಿ, ನಿಮಗ ಮೊದಲ ತೋರಸ್ತೇನಿ. ಅವತ್ತು ನೀವೊಬ್ರ ನನಗ ಏನೂ ಅನ್ನಲಿಲ್ರಿ.”

ಎದೆ ಕುಣಿಯಿತು. ನಾಚಿಕೆಗಿಂತ ಮೊದಲು ಖುಷಿಯೇ ಬಂತು — ಹೌದು, ಅದನ್ನೂ ಹೇಳಿಬಿಡುತ್ತೇನೆ. ತೊಗಟೆಯಲ್ಲಿ ಡಬ್ಬಿ! ಹೇಗೆ ಹೆಣೆದೆ? ಮುಚ್ಚಳ ಹೇಗೆ ಕೂರುತ್ತದೆ? ಈಗಲೇ ನೋಡಬೇಕು ಎನ್ನಿಸುತ್ತಿದೆ. ಮತ್ತೆ ನಿನ್ನ ಕೊನೆಯ ಮಾತು ನೆನಪಾಗಿ...

ನಾಳೆ ಬಂದಾಗ ಹೊಸ ಡಬ್ಬಿಯ ಚೀಲವನ್ನು ಕೂಡಲೇ ಬಿಚ್ಚಬೇಡ. ಮಹಾದೇವಕ್ಕನನ್ನೂ ಬರಹೇಳಿದ್ದೇನೆ. ಅವಳೆದುರು, ನಿನ್ನೆದುರು, ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಅವಳು ಹೋದ ಮನೆಗಳಿಗೆಲ್ಲ ನಾನೂ ಹೋಗಿ ಹೇಳಿಬರುತ್ತೇನೆ. ಎಲ್ಲ ಕೇಳಿದ ಮೇಲೆ ನೀನು ಚೀಲವನ್ನು ಹಾಗೇ ಎತ್ತಿಕೊಂಡು ಹೊರಟರೆ, ಎಷ್ಟೇ ಆಸೆಯಿದ್ದರೂ, ತೋರಿಸು ಎಂದು ನಾನು ಕೇಳುವುದಿಲ್ಲ.