ಸರಪಳಿ ಹಿಡಿಯುವ ಜಾಗ

ವರ್ಲಿನ್ ಸ್ಟಕಿ ಕಾನ್ಸಾಸಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಮೈದಾನಕ್ಕೆ ಇಪ್ಪತ್ತಾರು ವರ್ಷದಿಂದ ಬಿಳಿ ಗೆರೆ ಬಳಿಯುತ್ತಿದ್ದ. ಅಲ್ಲಿನ ಮೊದಲ ಕಟ್ಟಡಕ್ಕೆ ಸುಣ್ಣದಕಲ್ಲು ಹೇರಿ ತಂದವನು ಅವನ ಮುತ್ತಾತ. ಕಲ್ಲಿನ ಮೇಲೆ ಕೆತ್ತಿರುವುದು ಮಾತ್ರ ಯಾರೋ ಬ್ಯಾಂಕಿನವನ ಹೆಸರು. ಅದರ ಮುಂದೆ ಹಾದಾಗಲೆಲ್ಲ ವರ್ಲಿನ್ ಉಗಿಯುತ್ತಿದ್ದ.

ಅವನಿಗೆ ಬೇಕಿದ್ದುದು ಒಂದೇ, ಆಟದ ದಿನ ಸರಪಳಿ ಹಿಡಿಯುವ ಜಾಗ. ನಾಲ್ಕು ಪ್ರಯತ್ನದಲ್ಲಿ ಚೆಂಡು ಹತ್ತು ಗಜ ಸಾಗಿತೇ ಇಲ್ಲವೇ ಎಂಬ ಜಗಳ ಬಗೆಹರಿಸುವುದೇ ಆ ಹತ್ತು ಗಜದ ಸರಪಳಿ. ಸಂಬಳವಿಲ್ಲ, ಒಂದು ಕಿತ್ತಳೆ ಅಂಗಿ ಅಷ್ಟೆ. ಆದರೂ ಊರಲ್ಲಿ ಆ ಅಂಗಿಗಿರುವ ಮರ್ಯಾದೆ ಪಾದ್ರಿಯ ನಿಲುವಂಗಿಗೂ ಇಲ್ಲ. ಬಿಡುವವನು ತನಗೆ ಬೇಕಾದವನ ಕೈಗೆ ಕೊಟ್ಟುಹೋಗುವುದು ರೂಢಿ. "ನನ್ ಮಂಡಿ ಕೈಕೊಟ್ ದಿನ ಇದು ನಿಂದೇ ಕಣೋ" ಎಂದು ಸರಪಳಿ ಹಿಡಿಯುತ್ತಿದ್ದ ಮುದುಕ ಆರ್ಲೊ ಹನ್ನೊಂದು ವರ್ಷ ಹೇಳಿದ್ದ.

ಈ ಬೇಸಿಗೆಯಲ್ಲಿ ಮಂಡಿ ಕೈಕೊಟ್ಟಿತು. ರಾಜ್ಯ ಸರ್ಕಾರವೂ ಕೈಕೊಟ್ಟಿತು. ಅನುದಾನ ಕಡಿತವಾಗಿ ಈಜು ತಂಡ ಮುಚ್ಚಿತು. ಕ್ರೀಡಾ ಕಚೇರಿಯವರು ದಾನಿಗಳ ಔತಣದಲ್ಲಿ ಸಿಕ್ಕಿದ್ದನ್ನೆಲ್ಲ ಹರಾಜಿಗಿಟ್ಟರು, ಆರ್ಲೊನ ಜಾಗವನ್ನೂ. ಹರಾಜಿನಲ್ಲಿ ಅದನ್ನು ಕೊಂಡವನು ಎಲ್ಡನ್, ಟ್ರ್ಯಾಕ್ಟರ್ ಅಂಗಡಿಯವನು, ಶಾಲೆಯಲ್ಲಿ ವರ್ಲಿನ್‌ನ ಪಕ್ಕ ಕೂರುತ್ತಿದ್ದವನು.

"ಅವನಿಗೆ ಗಜ ಅಂದ್ರೇನು ಗೊತ್ತೇನೇ? ಮೂರನೇ ಕ್ಲಾಸಲ್ಲಿ ಸ್ಕೇಲು ನಂದೇ ಕದೀತಿದ್ದ!" ಎಂದು ವರ್ಲಿನ್ ಮನೆಯಲ್ಲಿ ಕೂಗಾಡಿದ.

"ಕೂಗ್ಬೇಡ. ಬೀರಾಕ್ ಬಿಸಿ ಇದೆ, ತಿನ್ನು" ಎಂದಳು ಹೆಂಡತಿ ಡಾರ್ಲಾ, ಕೋಸು ಮಾಂಸ ತುಂಬಿದ ಬನ್ನು ಮುಂದಿಡುತ್ತ. "ಅವ್ನು ದುಡ್ಡು ಕೊಟ್ಟ, ತಗೊಂಡ."

"ನಾನು ಇಪ್ಪತ್ತಾರು ವರ್ಷ ಕೊಟ್ಟಿಲ್ವಾ?"

ಶನಿವಾರ ಎಲ್ಡನ್ ಕಿತ್ತಳೆ ಅಂಗಿಯಲ್ಲಿ ಮದುಮಗನ ಹಾಗೆ ನಿಂತಿದ್ದ. ಅವನ ಪಾಲಿಗೆ ಬಂದದ್ದು ಒಂದೇ ಕೆಲಸ: ಪ್ರತಿ ಸಲ ಸರಪಳಿ ಹಾಸಿದಾಗ, ಐದೈದು ಗಜಕ್ಕೊಂದರಂತೆ ಬಳಿದ ಗೆರೆಗಳಲ್ಲಿ ಹತ್ತಿರದ್ದರ ಹಿಂದಂಚಿಗೆ ಸರಿಯಾಗಿ ಸರಪಳಿಗೊಂದು ಕ್ಲಿಪ್ಪು ಕಚ್ಚಿಸುವುದು. ಅಳೆಯಲು ಮೈದಾನದ ನಡುವೆ ಒಯ್ದಾಗ ಆ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಡುತ್ತಾರೆ. ಅದಿಲ್ಲದಿದ್ದರೆ ಎಲ್ಲ ಬರೀ ಅಂದಾಜು.

ಕೊನೆಯ ಎರಡು ನಿಮಿಷ. ನಮ್ಮವರು ಮೂರು ಅಂಕ ಹಿಂದೆ, ನಾಲ್ಕನೇ ಪ್ರಯತ್ನ. ಬದಿಯಲ್ಲಿ ನಿಂತಿದ್ದ ವರ್ಲಿನ್ ಕಣ್ಣು ಸರಪಳಿಯ ಮೇಲೆ ಬಿತ್ತು. ಕ್ಲಿಪ್ಪಿಲ್ಲ! ಅದನ್ನು ಜೇಬಲ್ಲಿಟ್ಟುಕೊಂಡು ಎಲ್ಡನ್ ಕ್ಯಾಮೆರಾಗೆ ಕೈ ಬೀಸುತ್ತಿದ್ದ.

ವರ್ಲಿನ್‌ಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಗಲಿ, ನಲವತ್ತು ಸಾವಿರ ಜನ ಇವನ ಮುಖಕ್ಕೆ ಛೀ ಥೂ ಎನ್ನಲಿ. ಆದರೆ ಅಂದಾಜಿನ ಮೇಲೆ ಅಳೆಯುವುದಾದರೆ ತಾನು ದಾರ ಕಟ್ಟಿ, ಮಂಡಿಯೂರಿ ಬಳಿದ ಗೆರೆ ಯಾಕೆ ಬೇಕಿತ್ತು?

"ಕೊಡೋ ಇಲ್ಲಿ, ಕತ್ತೆ!" ಓಡಿಹೋಗಿ ಕ್ಲಿಪ್ಪು ಕಿತ್ತುಕೊಂಡು, ಗೆರೆಯ ಹಿಂದಂಚಿಗೆ ಸರಿಯಾಗಿ ಸರಪಳಿಗೆ ಕಚ್ಚಿಸಿ ಹಿಂದೆ ಸರಿದ. ಮರುಗಳಿಗೆಯಲ್ಲೇ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದರು. ತೀರ್ಪುಗಾರ ಸರಪಳಿ ತರಿಸಿದ. ಕ್ಲಿಪ್ಪು ಹಿಡಿದು ನಡುವೆ ಹೋದವನು ಎಲ್ಡನ್. ಸರಪಳಿ ಬಿಗಿಯಿತು. ಚೆಂಡು ಅದರ ತುದಿಗಿಂತ ಒಂದು ಮುಷ್ಟಿಯಷ್ಟು ಮುಂದಿತ್ತು, ನಮ್ಮವರ ಕೈಯಲ್ಲೇ ಉಳಿಯಿತು. ಮೈದಾನ ಕಿತ್ತುಹೋಗುವಂತೆ ಕೂಗಿತು. ದೊಡ್ಡ ಪರದೆಯ ಮೇಲೆ ಎರಡೂ ಕೈ ಎತ್ತಿದ ಎಲ್ಡನ್, ಕೆಳಗೆ ಅವನ ಅಂಗಡಿಯ ಹೆಸರು.

ಬೇಲಿಯಾಚೆಯಿಂದ ಡಾರ್ಲಾ "ಸುಮ್ನೆ ಇರ್ಬಾರ್ದಿತ್ತಾ?" ಎಂದಳು.

ಆಟ ಮುಗಿದ ಮೇಲೆ ಎಲ್ಡನ್ ಹಲ್ಲು ಕಿರಿಯುತ್ತ ಬಂದ. "ನೀನು ನನ್ ಮರ್ಯಾದೆ ಉಳಿಸ್ದೆ ಕಣೋ ವರ್ಲಿ. ಅದನ್ನ ಎಲ್ಲಿ ಕಚ್ಚಿಸ್ಬೇಕು ಅಂತ ಒಂಚೂರು ಹೇಳ್ಕೊಡು."

"ಅದ್ನೂ ಹರಾಜಲ್ಲಿ ಕೊಂಡ್ಕೊ ಹೋಗು" ಎಂದು ವರ್ಲಿನ್ ಬಣ್ಣದ ಡಬ್ಬ ಎತ್ತಿಕೊಂಡ.