ಕೇಳದೆ ಸರಿ ಮಾಡಿದ ಶಟರ್

ನನ್ನ ಗೆಳೆಯ ಸತ್ತು ವಾರವೂ ಆಗಿಲ್ಲ, ಆಗಲೇ ಎಲ್ಲರೂ ಅವನನ್ನು ಹೊಗಳತೊಡಗಿದ್ದಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವನು ಫಿಲ್ಮ್ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ. ಮೆಟ್ಟಿಲ ಕೆಳಗಿನ ಅಂಗಡಿ. ಒಳಗೆ ಬರುವವರು ತಲೆ ಬಗ್ಗಿಸಲೇಬೇಕು. "ನನಗೆ ಮರ್ಯಾದೆ ಕೊಡಿಸೋದು ಈ ಮೆಟ್ಟಿಲೊಂದೇ ಕಣೋ" ಎಂದು ನಗುತ್ತಿದ್ದ. ಯಾವ ಕ್ಯಾಮೆರಾ ಬಂದರೂ ಅದರ ಬೆನ್ನು ತೆರೆದು, ದೀಪದೆದುರು ಹಿಡಿದು, ಬೆಳಕು ಒಳಬಿಡುವ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆಂದು ಯಂತ್ರವಿಟ್ಟು ಅಳೆಯುತ್ತಿದ್ದ. ತಪ್ಪಿದ್ದರೆ ಸ್ಪ್ರಿಂಗ್ ಬಿಗಿ ಮಾಡಿ ಸರಿಪಡಿಸದೆ ಹೊರಗೆ ಬಿಡುತ್ತಿರಲಿಲ್ಲ. ಯಾರೂ ಕೇಳದಿದ್ದರೂ ಸರಿಯೇ. ಅದೇ ಅವನಿಗೆ ಮುಳುವಾಯಿತು.

ಮುಖ್ಯರಸ್ತೆಯ ಸ್ಟುಡಿಯೋದವನು ರೀಲು ಮುಂದಕ್ಕೆ ಸರಿಯುತ್ತಿಲ್ಲವೆಂದು ತನ್ನ ಹಳೆಯ ಕ್ಯಾಮೆರಾ ತಂದ. ಇವನು ಅದನ್ನು ಸರಿ ಮಾಡಿದ. ಶಟರ್ ನಿಧಾನವಾಗಿದ್ದದ್ದು ಕಂಡು ಅದನ್ನೂ ಸರಿ ಮಾಡಿದ. ಬಾಯಿ ಬಿಟ್ಟು ಹೇಳಲಿಲ್ಲ. ಸ್ಟುಡಿಯೋದವನಿಗೋ ಆ ನಿಧಾನ ರೂಢಿಯಾಗಿಹೋಗಿತ್ತು. ಹೆಚ್ಚಿಗೆ ಬರುವ ಬೆಳಕು ತಡೆಯಲು ಲೆನ್ಸಿನ ಕಿಂಡಿಯನ್ನು ಯಾವಾಗಲೂ ಒಂದಿಷ್ಟು ಕಿರಿದು ಮಾಡುತ್ತಿದ್ದ. ಈಗಲೂ ಹಾಗೇ ಮಾಡಿದ. ಒಂದು ಮದುವೆಯ ಫೋಟೋಗಳೆಲ್ಲ ಕಪ್ಪಾದವು.

"ಏನಯ್ಯಾ, ಕ್ಯಾಮೆರಾ ಹಾಳು ಮಾಡಿದೀಯ! ಮೊದಲು ಹೇಗಿತ್ತೋ ಹಾಗೇ ಮಾಡಿಕೊಡು!"

"ಮೊದಲೇ ಕೆಟ್ಟಿತ್ತು. ಮತ್ತೆ ಕೆಡಿಸೋದು ನನ್ನ ಕೈಲಾಗಲ್ಲ."

"ಮದುಮಗಳ ಮುಖ ಕಾಣ್ತಿಲ್ಲ ಕಣಯ್ಯ, ಬರೀ ಹಲ್ಲು ಕಾಣ್ತಿದೆ!"

ಹೇಳದೇ ಇದ್ದದ್ದು ತಪ್ಪಾಯಿತು ಎಂಬ ಒಂದು ಮಾತು ಇವನ ಗಂಟಲಿಂದ ಹೊರಡಲಿಲ್ಲ. ಇವನ ಹೆಂಡತಿ, ನಾನು ಅತ್ತಿಗೆ ಎನ್ನುವವರು, "ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಗದರಿದರೆ, ಬಿದ್ದ ಸ್ಕ್ರೂ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿಬಿಟ್ಟ. ಆ ಮೊಂಡುತನದ ಮೇಲೂ ನನಗೆ ಸಿಟ್ಟಿದೆ. ಸತ್ತನೆಂದು ಅದು ಇಳಿದಿಲ್ಲ.

ಕ್ಯಾಮೆರಾ ಕೆಡಿಸುವವನು ಎಂದು ಸ್ಟುಡಿಯೋದವನು ಊರೆಲ್ಲ ಸಾರಿದ. ಒಬ್ಬೊಬ್ಬರಾಗಿ ಗಿರಾಕಿಗಳು ತಪ್ಪಿಹೋದರು. ಇವನು ಕೊನೆಯವರೆಗೂ ಅಂಗಡಿ ತೆರೆದು, ತನ್ನದೇ ಕ್ಯಾಮೆರಾ ಬಿಚ್ಚುತ್ತ, ಜೋಡಿಸುತ್ತ ಕೂತ.

ನಿನ್ನೆ ನಾನು ಅತ್ತಿಗೆಯವರ ಜೊತೆ ಕೂತಿದ್ದಾಗ ಅದೇ ಸ್ಟುಡಿಯೋದವನು ಅವರ ಮನೆಗೆ ಬಂದ. ಹೆಗಲಲ್ಲಿ ಅದೇ ಕ್ಯಾಮೆರಾ. ಕುರ್ಚಿಯ ಅಂಚಿಗೆ ಕೂತು, "ಎಂಥಾ ಕೈ ಅಮ್ಮಾ ಅವರದ್ದು! ಆಮೇಲೆ ಇದು ಒಂದು ಸಲನೂ ಕೈ ಕೊಟ್ಟಿಲ್ಲ. ನಾನೇ ಹೊಸ ಅಳತೆಗೆ ಒಗ್ಗಿಕೊಂಡೆ" ಎಂದ.

"ಇದು ಯಾವಾಗ ಗೊತ್ತಾಯ್ತು?" ಎಂದೆ.

"ಆಗಲೇ... ಮುಂದಿನ ರೀಲಲ್ಲೇ."

ನಾನು ಎದ್ದು ನಿಂತೆ. ಅತ್ತಿಗೆ ಕೈ ಅಡ್ಡ ಹಿಡಿದರು.

"ಇದನ್ನ ನನಗ್ಯಾಕೆ ಹೇಳ್ತೀರಿ? ಅವರ ಕೈ ಮೇಲೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಕೆಡಿಸಿದ ಅಂತ ಯಾರ್ಯಾರ ಹತ್ರ ಅಂದ್ರೋ, ಅವರ ಹತ್ರ ಹೋಗಿ ಹೇಳಿ. ನಮ್ಮವರು ಹೇಳದೇ ಮಾಡಿದ್ದು ತಪ್ಪು, ಅದನ್ನೂ ಹೇಳಿ."

"ಈಗಲೇನಾ ಅಮ್ಮಾ?"

"ಚಪ್ಪಲಿ ಬಾಗಿಲಲ್ಲೇ ಇದೆಯಲ್ಲ."

ನಾನೂ ಮೆಟ್ಟಿಕೊಂಡೆ. ಅವನು ದೂರು ಹೇಳಿದ್ದ ಸ್ಟುಡಿಯೋಗಳಲ್ಲಿ ಮೊದಲನೆಯದರ ಮುಂದೆ ಬರುತ್ತಲೇ ಅವನು ಕ್ಯಾಮೆರಾದ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತ. ಬೆನ್ನ ಮೇಲೆ ಕೈಯಿಟ್ಟು ಒಳಗೆ ತಳ್ಳಿದೆ.