ಹೆಲ್ವಿಯ ಗಾಳಿ ಹೀರೋ ಮಿಷನ್

ಹೆಲ್ವಿ ಫೋನ್ ಮಾಡಿದಾಗ ನಾನು ಬೇಕಂತಲೇ ಎತ್ತಲಿಲ್ಲ. ಮೂರು ಸಲ ಬಡಕೊಂಡಿತು. ನಾಲ್ಕನೇ ಸಲಕ್ಕೆ ನನ್ನ ಹೆಂಡತಿಯೇ ಎತ್ತಿ ನನ್ನ ಕಿವಿಗೆ ಒತ್ತಿದಳು.

"ಆರ್ವೊ, ಇನ್ನೂ ಬದುಕಿದ್ದೀಯೇನೋ?"

"ಇದ್ದೀನಿ."

"ಹಾಗಾದ್ರೆ ನಾಳೆ ಕಾರು ತಗೊಂಡು ಬಾ. ಪೇಟೆಗೆ ಹೋಗಬೇಕು. ಚೀಲದಿಂದ ಗಾಳಿ ಹೀರಿ ಮುಚ್ತದಂತಲ್ಲ, ಆ ಮಿಷನ್ ತರಬೇಕು. ನೀನು ಕೊಡಿಸಿದ ಮಾಂಸಾನ ಎಷ್ಟು ದಿನ ಅಂತ ನೆಲಮಾಳಿಗೆಯಲ್ಲಿ ಕಾಯ್ತಾ ಕೂರಲಿ?"

"ನಾನು ಕೊಡಿಸಿದ್ದಲ್ಲ..." ಅಂದೆ. ಅಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ನಿಜ ಹೇಳಬೇಕಂದ್ರೆ ಕೊಡಿಸಿದ್ದು ನಾನೇ. ಅದೂ ನನ್ನ ಪಾಲಿನ ಮಾಂಸ. ಆ ಕಥೆ ಮೊದಲು ನಾನೇ ಹೇಳಿಬಿಡ್ತೀನಿ, ಇಲ್ಲದಿದ್ರೆ ಊರವರು ಉಪ್ಪುಖಾರ ಹಚ್ಚಿ ಹೇಳ್ತಾರೆ.

ಫಿನ್ಲೆಂಡಿನ ಈ ಕೈನು ಸೀಮೆಯಲ್ಲಿ ಅಕ್ಟೋಬರ್ ಬಂತು ಅಂದ್ರೆ ಹಿರ್ವಿ ಬೇಟೆ. ಹಿರ್ವಿ ಅಂದ್ರೆ ಕಡವೆ ಜಾತಿಯದೇ, ಆದರೆ ಕುದುರೆಗಿಂತ ಎತ್ತರ. ನಮ್ಮದು ಹನ್ನೆರಡು ಜನರ ತಂಡ. ಮಾಂಸ ಹಂಚೋದಕ್ಕೆ ನಾವು ತಕ್ಕಡಿಯನ್ನು ನಂಬೋದಿಲ್ಲ. ಶೆಡ್ಡಿನ ಉದ್ದ ಮೇಜಿನ ಮೇಲೆ ತಲೆಗೊಂದು ರಾಶಿ ಹಾಕ್ತೀವಿ. ಒಬ್ಬ ಗೋಡೆಗೆ ಮುಖ ಮಾಡಿ ನಿಲ್ತಾನೆ. ಇನ್ನೊಬ್ಬ ಒಂದು ರಾಶಿಗೆ ಚಾಕು ತೋರಿಸಿ, "ಯಾರದು?" ಅಂತ ಕೇಳ್ತಾನೆ. ಗೋಡೆ ಕಡೆ ನಿಂತವನು ಯಾವ ಹೆಸರು ಕೂಗಿದನೋ ಆ ರಾಶಿ ಅವನದು. ರಾಶಿಯನ್ನೇ ಕಾಣದವನು ಯಾರಿಗೆ ಅಂತ ಪಕ್ಷಪಾತ ಮಾಡಿಯಾನು?

ಇಪ್ಪತ್ತಾರು ವರ್ಷ ಆ ಗೋಡೆಗೆ ಮುಖ ಮಾಡಿ ನಿಂತವನು ಹೆಲ್ವಿಯ ಗಂಡ ಕೌಕೊ. ಒಮ್ಮೆ ಯಾರೋ, "ನನ್ನದು ಬರೀ ಮೂಳೆ, ಇನ್ನೊಂದು ಸಲ ಕೂಗು" ಅಂತ ಜಗಳ ತೆಗೆದಾಗ ಕೌಕೊ ತಿರುಗಿಯೂ ನೋಡದೆ, "ಕೂಗಿದ್ದು ಕೂಗಿದ್ದೇ" ಅಂದ. ಅವತ್ತಿಂದ ಅದೇ ನಮ್ಮ ಕಾನೂನು. ಎಲ್ಲರ ಹೆಸರೂ ಮುಗಿದ ಮೇಲೆ ಕೊನೆಗೆ ತನ್ನ ಹೆಸರು ತಾನೇ ಕೂಗ್ಕೊಳ್ಳೋನು, ನೆಂಟರ ಮನೆಗೆ ಬಂದವನ ಹಾಗೆ ಸ್ವಲ್ಪ ನಾಚಿಕೊಂಡು: "ಕೌಕೊ."

ಹೋದ ವರ್ಷದ ಫೆಬ್ರವರಿಯಲ್ಲಿ ಅಂಗಳದ ಹಿಮ ಸರಿಸ್ತಾ ಇದ್ದವನು ಸಲಿಕೆ ಹಿಡಿದುಕೊಂಡೇ ಕೂತ. ಆಮೇಲೆ ಏಳಲಿಲ್ಲ.

ಆ ವರ್ಷದ ಬೇಟೆಗೆ ಉಳಿದವರು ಹನ್ನೊಂದು ಜನ, ರಾಶಿಯೂ ಹನ್ನೊಂದು. ನಮ್ಮ ಮುಖ್ಯಸ್ಥ ರೈಮೊ ನನ್ನನ್ನು ಗೋಡೆ ಕಡೆ ತಳ್ಳಿದ. ನಾನೂ ನಿಂತೆ. ಇಪ್ಪತ್ತಾರು ವರ್ಷ ಕೇಳಿದ ಕಿವಿ ನೋಡಿ, ಕೌಕೊ ಕೂಗ್ತಿದ್ದ ಅದೇ ಸಾಲು, ಅದೇ ಧಾಟಿ ನನ್ನ ಬಾಯಲ್ಲಿ ತಾನಾಗೇ ಬಂತು. ಕೂಗೋನ ಹೆಸರು ಕೊನೆಗೆ ಅಲ್ವಾ, ನನ್ನದನ್ನು ಬಿಟ್ಟು ಹತ್ತು ಹೆಸರು ಮುಗೀತು. ಕೊನೇ ರಾಶಿ. "ಯಾರದು?" ಅಂದ ರೈಮೊ.

"ಕೌಕೊ."

ಕೂಗಬೇಕಾಗಿದ್ದದ್ದು ನನ್ನ ಹೆಸರು, ನಾನೇ ಮರೆತಿದ್ದೆ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊನೆಗೆ ರೈಮೊ ಕೆಮ್ಮಿ, "ಕೂಗಿದ್ದು ಕೂಗಿದ್ದೇ" ಅಂದ. ಎಲ್ಲರೂ ತಮ್ಮ ತಮ್ಮ ರಾಶಿಯಿಂದ ಒಂದೊಂದು ತುಂಡು ನನ್ನ ಕಡೆ ಚಾಚಿದರು. ಸಿಟ್ಟು ಬಂತು. "ನಾನೇನು ಭಿಕ್ಷೆಗೆ ಬಂದಿದ್ದೀನಾ?" ಅಂತ ಬೈದು ಹೊರಗೆ ಬಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಯಲ್ಲಿ ಹೆಂಡತಿ, "ಈ ಚಳಿಗಾಲ ನಿನ್ನ ನಾಲಿಗೇನೇ ಸಾರು ಮಾಡ್ತೀನಿ" ಅಂದಳು.

ಸತ್ತವನ ಪಾಲು ಹೊತ್ತುಕೊಂಡು ರೈಮೊ ಮತ್ತು ನಾನು ಹೆಲ್ವಿಯ ಬಾಗಿಲಿಗೆ ಹೋದೆವು.

"ಯಾರದು ಇದು?" ಅಂದಳು.

"ಕೌಕೊಂದು," ಅಂದ ರೈಮೊ. ಆದದ್ದನ್ನೆಲ್ಲ ಹೇಳಿದ. ನಾನು ನನ್ನ ಬೂಟು ನೋಡ್ತಾ ನಿಂತಿದ್ದೆ.

ಹೆಲ್ವಿ ಬಾಗಿಲು ಹಾಕಿಕೊಂಡಳು. ನಾವಿಬ್ಬರೂ ಪೆದ್ದರ ಹಾಗೆ ಮಾಂಸ ಹಿಡಿದು ಅಲ್ಲೇ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆಗೆದು, ಕೆಂಪು ಕಣ್ಣಲ್ಲಿ, "ಒಳಗೆ ತನ್ನಿ ಮತ್ತೆ. ಕಾಫಿ ಇಟ್ಟಿದ್ದೀನಿ" ಅಂದಳು. ನಾನು ಕಾಫಿ ಮುಟ್ಟದೆ ಬಂದೆ. ಮತ್ತೆ ಅವಳ ಮುಖ ನೋಡೋ ಹೆದರಿಕೆಗೇ ಫೋನ್ ಎತ್ತದೆ ಇದ್ದದ್ದು.

ಹೆಲ್ವಿ ಮೂವತ್ತೊಂದು ವರ್ಷ ಈ ಊರಿಗೆ ಅಂಚೆ ಹಂಚಿದವಳು. ಚರ್ಚಿನ ಪಕ್ಕದ ರೈಮೊನ ಮನೆಯಿಂದ ಶುರು, ಕೆರೆ ದಂಡೆ ಹಿಡಿದು ಒಂದೊಂದೇ ಅಂಚೆ ಡಬ್ಬ, ಕೊನೆಗೆ ನಮ್ಮನೆ. ನಮ್ಮನೆ ದಾಟಿದರೆ ಅವಳದೇ ಮನೆ, ಅಲ್ಲಿಗೆ ರಸ್ತೆ ಮುಗೀತು. ಮಕ್ಕಳಿಲ್ಲ. ದಿನಾ ನಮ್ಮ ಡಬ್ಬಕ್ಕೆ ಕಾಗದ ಹಾಕಿ, "ಇನ್ನು ನಮ್ಮ ಯಜಮಾನರ ಟಪಾಲು" ಅಂತ ನಕ್ಕು ಹೋಗ್ತಿದ್ದಳು. ಕೌಕೊಗೆ ಯಾರು ಕಾಗದ ಬರೀತಿದ್ರು, ಕರೆಂಟ್ ಬಿಲ್ ಬಿಟ್ರೆ? ಅದನ್ನೂ ಅವನು ಗೇಟಿನ ಹತ್ತಿರ ನಿಂತು ಅವಳ ಕೈಯಿಂದಲೇ ಇಸ್ಕೊಳ್ಳೋನು. ನಾನು ಕಿಟಕಿಯಿಂದ ನೋಡಿ ನಗ್ತಿದ್ದೆ. ಈಗ ಆ ಗೇಟು ನೋಡೋಕಾಗಲ್ಲ.

ಹೆಲ್ವಿಯ ಫೋನ್ ಬಂದ ಮಾರನೇ ದಿನ ಪೇಟೆಗೆ ಹೋದೆವು. ಅಂಗಡಿಯ ಮೆರ್ಯಾ ಐವತ್ತು ದಾಟಿದ ಹೆಂಗಸು, ತಾನೂ ಬೇಟೆ ಆಡುವವಳು. ಮೂರು ಮಿಷನ್ ಸಾಲಾಗಿಟ್ಟಳು.

"ಈ ಪುಟ್ಟದು ಚೀಸ್‌ಗೆ, ಒಣ ಮೀನಿಗೆ ಸಾಕು. ಹಸಿ ಮಾಂಸ ಹಾಕಿದ್ರೆ ರಕ್ತದ ನೀರನ್ನೂ ಎಳಕೊಂಡು ಒಂದೇ ಚಳಿಗಾಲದಲ್ಲಿ ಸಾಯ್ತದೆ. ಈ ಎರಡನೇದಕ್ಕೆ ಹಸಿ ಮಾಂಸಕ್ಕೆ ಅಂತಲೇ ಬೇರೆ ಗುಂಡಿ ಇದೆ. ನೀರು ಬಂದ್ರೆ ಹಿಡಿಯೋಕೆ ತಟ್ಟೆ ಇದೆ. ಬಾಯಿಗೆ ಎರಡು ಸಾಲು ಬೆಸುಗೆ ಹಾಕ್ತದೆ. ಒಂದೇ ಸಮ ಮೂವತ್ತು ಚೀಲ ಮುಚ್ಚಿದ್ರೂ ಬಿಸಿಯಾಗಲ್ಲ."

"ಮತ್ತೆ ಆ ದೊಡ್ಡದು?" ಅಂದೆ ನಾನು. ಕರು ಮಲಗಿದಷ್ಟಿತ್ತು. ಪೆಟ್ಟಿಗೆಯ ಒಳಗೇ ಚೀಲ ಇಟ್ಟು ಮುಚ್ಚಳ ಹಾಕೋದು. "ತಗೊಂಡ್ರೆ ಇಂಥದ್ದು ತಗೋಬೇಕು ಕಣೇ ಹೆಲ್ವಿ!"

"ಹೌದೌದು. ಅದನ್ನ ಎತ್ತಿ ಮೇಜಿನ ಮೇಲಿಡೋಕೆ ದಿನಾ ನೀನು ಬರ್ತೀಯ?" ಅಂದು ಮೆರ್ಯಾ ಕಡೆ ತಿರುಗಿದಳು. "ನನಗೆ ಒಂದೇ ಮಾತು ಹೇಳು. ಎಷ್ಟು ವರ್ಷ ಇರ್ತದೆ?"

"ಮಿಷನ್ನಾ?"

"ಮಾಂಸ."

"ಒಳ್ಳೇ ಫ್ರೀಜರ್ ಆದ್ರೆ ಎರಡು ವರ್ಷ. ಮೂರು ಅನ್ನಿ."

"ಹತ್ತು?"

ಮೆರ್ಯಾ ನಕ್ಕಳು. ಹೆಲ್ವಿ ನಗಲಿಲ್ಲ. ಕೈಚೀಲದಿಂದ ನ್ಯೂಸ್‌ಪೇಪರ್ ಸುತ್ತಿದ ಒಂದು ಪೊಟ್ಟಣ ತೆಗೆದು ಅಂಗಡಿ ಮೇಜಿನ ಮೇಲೆ ಟಣ್ ಅಂತ ಇಟ್ಟಳು. ಕಲ್ಲಿನ ಹಾಗೆ ಹೆಪ್ಪುಗಟ್ಟಿದ ಮಾಂಸ, ಹಳೇ ತೆಳು ಪ್ಲಾಸ್ಟಿಕ್ ಚೀಲ, ಬಾಯಿಗೆ ಬಿಗಿಯಾದ ಗಂಟು. ಚೀಲದ ಮೇಲೆ ಅಂಟಿಸಿದ ಚೀಟಿಯಲ್ಲಿ ಪೆನ್ಸಿಲ್ ಅಕ್ಷರ: ಹುರಿಯೋಕೆ. ಆ ಅಕ್ಷರ ನನಗೆ ಗೊತ್ತು.

ಕೌಕೊ ಯಾವ ಮಿಷನ್ನೂ ಇಟ್ಟವನಲ್ಲ. ಚೀಲದ ಬಾಯಿಗೆ ತನ್ನ ಬಾಯಿಟ್ಟು, ಕೆನ್ನೆ ಗುಳಿ ಬೀಳುವ ಹಾಗೆ ಗಾಳಿ ಎಳೆದು, ಉಸಿರು ಬಿಡದೆ ತಿರುಚಿ ಗಂಟು ಹಾಕೋನು. ನಾವು ಗೇಲಿ ಮಾಡಿದ್ರೆ, "ಬಾಯಿ ಇರೋವಾಗ ಮಿಷನ್ ಯಾಕೆ?" ಅನ್ನೋನು. ಸಾಯೋ ಮುಂಚಿನ ಶರತ್ಕಾಲದಲ್ಲಿ ಅವನು ಹಾಗೆ ಕಟ್ಟಿದ ಪೊಟ್ಟಣಗಳಲ್ಲಿ ಉಳಿದಿದ್ದು ಇದೊಂದೇ.

"ವಾರ ವಾರ ನೋಡ್ತೀನಿ," ಅಂದಳು ಹೆಲ್ವಿ. "ಈ ಬಿಳೀ ಕಲೆ ದೊಡ್ಡದಾಗ್ತಾ ಇದೆ."

ಮೆರ್ಯಾ ಬೆರಳಿಟ್ಟು ನೋಡಿದಳು. "ಫ್ರೀಜರಿನ ಚಳಿಗೆ ಒಣಗಿ ಸುಟ್ಟ ಹಾಗಾಗಿದೆ. ಹೋದದ್ದು ವಾಪಸ್ ಬರಲ್ಲ. ಮಿಷನ್ ಹಾಕಿದ್ರೆ ಮುಂದಕ್ಕೆ ಹೋಗೋದು ನಿಲ್ತದೆ, ಅಷ್ಟೇ."

"ಸಾಕು. ಹೀಗೇ ಇಟ್ಟು ಮುಚ್ಚಿಬಿಡ್ತೀನಿ."

"ಹೀಗೇ ಆಗಲ್ಲ. ಈ ಚೀಲದ ಒಳಗೂ ಗಾಳಿ ಇದೆ. ಬಾಯಲ್ಲಿ ಹೀರಿದ್ರೆ ಪೂರ್ತಿ ಬರಲ್ಲ, ಸ್ವಲ್ಪ ಉಳಿದೇ ಉಳೀತದೆ. ಸುಡ್ತಾ ಇರೋದೇ ಅದು. ಮೊದಲು ಈ ಗಂಟು ಬಿಚ್ಚಿ, ಮಾಂಸ ತೆಗೆದು, ಹೊಸ ಚೀಲಕ್ಕೆ ಹಾಕಬೇಕು."

"ಗಂಟು ಬಿಚ್ಚಬೇಕಾ?"

"ಬಿಚ್ಚಲೇಬೇಕು."

ಹೆಲ್ವಿ ಪೊಟ್ಟಣವನ್ನು ಮತ್ತೆ ಪೇಪರಿನಲ್ಲಿ ಸುತ್ತಿದಳು. ಎರಡನೇ ಮಿಷನ್ ತೋರಿಸಿ, "ಅದು ಕೊಡು" ಅಂದಳು. ಪೊಟ್ಟಣ ಕರಗೀತು ಅಂತ ದಾರಿಯಲ್ಲಿ ನಾನೇ ಕಾರಿನ ಹೀಟರ್ ಆರಿಸಿದೆ. ಇಬ್ಬರೂ ನಡುಗ್ತಾ ಬಂದೆವು.

ಅವಳ ಅಡುಗೆಮನೆಯಲ್ಲಿ ಹೊಸ ಮಾಂಸಕ್ಕೆ ಕೂತೆವು. ಮೆರ್ಯಾ ಹೇಳಿಕೊಟ್ಟ ಹಾಗೆ ತುಂಡುಗಳನ್ನು ಒಂದು ಗಂಟೆ ಫ್ರೀಜರಿನಲ್ಲಿಟ್ಟು ಬಿಗಿ ಮಾಡಿದೆವು. ಮೂಳೆಯ ಚೂಪಿಗೆ ಕಾಗದ ಮಡಿಸಿ ಇಟ್ಟೆವು. ನಾನು ಚೀಲದ ಬಾಯಿ ಒರೆಸಿ ಹಿಡಿಯೋದು, ಅವಳು ಗುಂಡಿ ಒತ್ತೋದು. ಮಿಷನ್ ಗುರ್ ಅಂತ ಎಳೆದು ಎಳೆದು ಪ್ಲಾಸ್ಟಿಕ್ಕನ್ನು ಮಾಂಸಕ್ಕೆ ಅಂಟಿಸಿಬಿಡ್ತಿತ್ತು.

"ಕೌಕೊ ನೋಡಿದ್ರೆ ಹೊಟ್ಟೆಕಿಚ್ಚು ಪಡ್ತಿದ್ದ," ಅಂದೆ.

"ಬೈತಿದ್ದ," ಅಂದಳು. ಒಂದೊಂದು ಚೀಲದ ಮೇಲೂ ಪೆನ್ನಿನಲ್ಲಿ ಬರೆದಳು. ಏನು ಭಾಗ ಅಂತಲ್ಲ. ಎಲ್ಲದರ ಮೇಲೂ ಒಂದೇ ಹೆಸರು.

ಇಪ್ಪತ್ತಮೂರು ಚೀಲ ಆಯ್ತು. ಕೊನೆಗೆ ಅವನ ಪೊಟ್ಟಣ ತಂದು ಮೇಜಿನ ಮೇಲಿಟ್ಟಳು. ಗಂಟಿಗೆ ಉಗುರು ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ನಾನು, "ತಾ ಇಲ್ಲಿ" ಅಂತ ಕೈ ಚಾಚಿದರೆ ಕೈಗೆ ರಪ್ಪಂತ ಹೊಡೆದಳು.

"ಇದರೊಳಗೆ ಉಳಿದಿರೋ ಗಾಳಿ ಅವನ ಬಾಯಿಂದು ಕಣೋ," ಅಂದಳು. "ಬಿಚ್ಚಿದ್ರೆ ಅದು ಹೋಗ್ತದೆ. ಬಿಚ್ಚದಿದ್ರೆ ಮಾಂಸ ಹೋಗ್ತದೆ. ಯಾವುದನ್ನ ಇಟ್ಕೊಳ್ಳಲಿ, ಹೇಳು?"

ಏನು ಹೇಳ್ತೀರಿ? ನಲವತ್ತು ವರ್ಷ ಅವನ ಪಕ್ಕದಲ್ಲಿ ಕಾಡಲ್ಲಿ ಕೂತವನು ನಾನು, ನನಗೂ ಅವನು ಬೇಕಾಗಿದ್ದ.

ಹೆಲ್ವಿ ಎದ್ದು ಕತ್ತರಿ ತಂದಳು. ಗಂಟನ್ನು ಮುಟ್ಟದೆ ಚೀಲದ ಇನ್ನೊಂದು ತುದಿಯನ್ನು ಕತ್ತರಿಸಿದಳು. ಮುಖ ಹತ್ತಿರ ತಂದು ಮೂಸಿದಳು. "ಬರೀ ಫ್ರೀಜರ್ ವಾಸನೆ" ಅಂದಳು. ಆಮೇಲೆ ಮಾಂಸವನ್ನು ಹೊಸ ಚೀಲಕ್ಕೆ ಹಾಕಲಿಲ್ಲ. ಬಾಣಲೆ ಇಟ್ಟಳು.

ಹೆಪ್ಪುಗಟ್ಟಿದ ಮಾಂಸವನ್ನು ತೆಳ್ಳಗೆ ಹೆರೆದು, ಕೊಬ್ಬಿನಲ್ಲಿ ಬಾಡಿಸಿ, ಬೇಯಿಸಿ ಕಲಸಿದ ಆಲೂಗಡ್ಡೆ, ಕೆಂಪು ಹುಳಿಹಣ್ಣಿನ ಗೊಜ್ಜು ಹಾಕಿ ಎರಡು ತಟ್ಟೆ ಇಟ್ಟಳು. ತಿಂದೆವು. ರಟ್ಟು ತಿಂದ ಹಾಗಿತ್ತು. ನಾನು ತಲೆ ಬಗ್ಗಿಸಿ ಅಗೀತಾ ಇದ್ದೆ.

"ರುಚಿ ಇಲ್ಲ ಅಲ್ವಾ?" ಅಂದಳು.

"ಇಲ್ಲ."

"ಅವನ ಪ್ಯಾಕಿಂಗ್ ಯಾವತ್ತೂ ದರಿದ್ರವೇ!" ಅಂತ ನಕ್ಕಳು. ನಗ್ತಾ ನಗ್ತಾ ಅಳೋಕೆ ಶುರು ಮಾಡಿದಳು. ನಾನು ತಟ್ಟೆ ಖಾಲಿ ಮಾಡಿದೆ, ಒಂದು ಚೂರೂ ಬಿಡಲಿಲ್ಲ. ಆ ಚೀಲವನ್ನು ತೊಳೆದು, ಗಂಟು ಹಾಗೇ ಇರುವಂತೆ, ಕಾಫಿ ಲೋಟಗಳ ಪಕ್ಕದ ಮೊಳೆಗೆ ನೇತು ಹಾಕಿದಳು.

ಆಮೇಲೆ ಒಂದು ವರ್ಷ ಆ ಇಪ್ಪತ್ತಮೂರು ಚೀಲ ಒಂದೊಂದೇ ಇಳೀತಾ ಬಂತು. ತಿಂಗಳಿಗೆ ಎರಡು ಭಾನುವಾರ ನನ್ನನ್ನೂ ನನ್ನ ಹೆಂಡತಿಯನ್ನೂ ಊಟಕ್ಕೆ ಕರೆಯೋಳು. ಮುಂದಿನ ಸೆಪ್ಟೆಂಬರಿಗೆ ಒಂದೇ ಉಳಿದಿತ್ತು. ಅದನ್ನು ತೆಗೆಯೋಕೆ ಅವಳಿಗೆ ಮನಸ್ಸು ಬರಲಿಲ್ಲ. ಮತ್ತೆ ವಾರ ವಾರ ಫ್ರೀಜರ್ ಮುಚ್ಚಳ ಎತ್ತಿ ನೋಡೋದು ಶುರುವಾಯ್ತು. ಇನ್ನು ಆ ಹೆಸರಿಗೆ ಎಲ್ಲಿಂದ ಬರಬೇಕು ಮಾಂಸ?

ಅಕ್ಟೋಬರಿನಲ್ಲಿ ಹಂಚೋ ದಿನ ಬಂದಾಗ ನನ್ನನ್ನು ಗೋಡೆ ಹತ್ತಿರಕ್ಕೂ ಬಿಡಲಿಲ್ಲ. "ನೀನು ನಿಂತ್ರೆ ಈ ಸಲ ಪಾದ್ರಿಯ ತಾತನಿಗೂ ಪಾಲು ಹೋಗ್ತದೆ" ಅಂದ ರೈಮೊ. ಪಾಲಿಲ್ಲದವರು ನಿಂತರೇ ನ್ಯಾಯ ಅಂತ ಹೆಲ್ವಿಯನ್ನು ಕರೆಸಿದೆವು. ಕಾಫಿ ಫ್ಲಾಸ್ಕ್ ಹಿಡಿದು ಬಂದವಳನ್ನು ಬಾಗಿಲಿಂದಲೇ ಗೋಡೆ ಕಡೆ ತಿರುಗಿಸಿ ನಿಲ್ಲಿಸಿದೆವು.

ಮೇಜಿನ ಮೇಲೆ ರಾಶಿ ಹಾಕಿದವನು ನಾನು. ಹನ್ನೊಂದು ಜನ, ಹನ್ನೆರಡು ರಾಶಿ. ಎಲ್ಲರೂ ಎಣಿಸಿದರು, ರೈಮೊ ಚಾಕು ಕೈಗೆತ್ತಿಕೊಂಡ.

"ಯಾರದು?" ಅಂದ ರೈಮೊ.

"ರೈಮೊ." ಚರ್ಚಿನ ಪಕ್ಕದ ಮನೆ. ಆಮೇಲೆ ಸೇತುವೆಯ ಹತ್ತಿರದವನ ಹೆಸರು, ಆಮೇಲೆ ಗರಗಸ ಮಿಲ್ಲಿನವನದು. ಆಗ ಗೊತ್ತಾಯ್ತು ನನಗೆ. ಹೆಲ್ವಿ ಅಂಚೆ ಹಂಚ್ತಾ ಇದ್ದಳು. ಮನೆ ಮನೆ, ಡಬ್ಬ ಡಬ್ಬ, ಕೆರೆ ದಂಡೆ ಹಿಡಿದು ಬರ್ತಾ ಇದ್ದಳು. ಹತ್ತು ಆಯ್ತು. "ಯಾರದು?"

"ಆರ್ವೊ," ಅಂದು ಕೈ ಒರೆಸಿಕೊಂಡು ತಿರುಗೋಕೆ ಹೋದಳು.

"ಯಾರದು?" ಅಂದ ರೈಮೊ.

ಹೆಲ್ವಿ ಅಲ್ಲೇ ನಿಂತಳು. ನಮ್ಮನೆ ಆದ ಮೇಲೆ ಆ ರಸ್ತೆಯಲ್ಲಿ ಇರೋದು ಒಂದೇ ಗೇಟು. ಹನ್ನೊಂದು ಗಂಡಸರು ನೆಲ ನೋಡ್ತಾ ಕಾದೆವು.

"ಕೌಕೊ," ಅಂದಳು.

"ಕೂಗಿದ್ದು ಕೂಗಿದ್ದೇ," ಅಂದ ರೈಮೊ.

ಹೆಲ್ವಿ ತಿರುಗಲಿಲ್ಲ. ಗೋಡೆ ನೋಡ್ತಾನೇ ಮೂಗು ಒರೆಸಿಕೊಂಡು, "ಆರ್ವೊ, ಮಿಷನ್ನಿಗೆ ಚೀಲದ ರೋಲ್ ಮುಗಿದಿದೆ. ನಾಳೆ ಕಾರು ತಗೊಂಡು ಬಾ" ಅಂದಳು.

ಫೋನ್ ಬರೋ ತನಕ ಕಾಯಲಿಲ್ಲ ನಾನು. ಬೆಳಿಗ್ಗೆ ಎಂಟಕ್ಕೇ ಅವಳ ಗೇಟಿನ ಹತ್ತಿರ ನಿಂತಿದ್ದೆ.